ಪಾಲಮ್ಮ ಬೇಡವೆಂದ ಮದುವೆ

ಮೊಳಕಾಲ್ಮೂರಿನ ನೇಕಾರರ ಕೇರಿಯಲ್ಲಿ ಪೆದ್ದಣ್ಣನ ಮನೆಯೇ ಕೊನೆಯದು. ಅದರಾಚೆಗೆ ಬರೀ ಬಂಡೆಗಳ ಗುಡ್ಡ. ಮನೆಯಲ್ಲಿ ಇದ್ದದ್ದು ಒಂದೇ ಮಗ್ಗ. ನೆಲದ ಗುಣಿಯಲ್ಲಿ ಕಾಲಿಳಿಬಿಟ್ಟು ಪೆದ್ದಣ್ಣ ಕೂತರೆ, ಪಕ್ಕದಲ್ಲಿ ಮಗಳು ಪಾಲಮ್ಮ ಅಂಚಿನ ಲಾಳಿ ಹಿಡಿದು ಕೂರುತ್ತಿದ್ದಳು. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ ಬರುವ ರೇಷ್ಮೆ ಸೀರೆಯನ್ನು ಒಬ್ಬರೇ ನೇಯುವುದು ಕಷ್ಟ. ಇಬ್ಬರು ಬೇಕು. ಆ ಮನೆಯಲ್ಲಿ ಉಳಿದಿದ್ದವರೂ ಇಬ್ಬರೇ.

ಪ್ಲೇಗು ಬಂದ ವರ್ಷ ಪಾಲಮ್ಮನ ತಾಯಿ ತೀರಿಕೊಂಡಿದ್ದಳು. ಊರಿನವರೆಲ್ಲ ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ಕೂತಿದ್ದ ಕಾಲ ಅದು. ಹೆಣ ಮುಟ್ಟುವುದಕ್ಕೆ ಒಬ್ಬರೂ ಬರಲಿಲ್ಲ. ಬಂದವಳು ಮಿಷನ್ನಿನಲ್ಲಿ ಹೆಂಗಸರಿಗೆ ವೇದದ, ಎಂದರೆ ಬೈಬಲ್ಲಿನ, ಕಥೆ ಹೇಳುತ್ತಿದ್ದ ಒಬ್ಬ ವಿಧವೆ. ಎಲ್ಲರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಅವಳೇ ಹೆಣಕ್ಕೆ ನೀರು ಹಾಕಿದಳು, ಅವಳೇ ಪೆದ್ದಣ್ಣನ ಜೊತೆ ಹೆಗಲು ಕೊಟ್ಟಳು. ಎರಡು ವರ್ಷ ಕಳೆಯುವುದರೊಳಗೆ ಅಪ್ಪ ಮಗಳು ದೀಕ್ಷಾಸ್ನಾನ ಮಾಡಿಸಿಕೊಂಡರು. ಹೆಸರು ಬದಲಿಸುತ್ತೀಯಾ ಎಂದು ಪಾದ್ರಿ ಅಯ್ಯನವರು ಕೇಳಿದಾಗ, "ಅಮ್ಮ ಇಟ್ಟಿದ್ದು, ಇರಲಿ ಸ್ವಾಮಿ" ಎಂದಳು ಪಾಲಮ್ಮ. ಅಯ್ಯನವರು ನಕ್ಕು ಒಪ್ಪಿಕೊಂಡರು.

ಕುಲದವರು ಬೆಂಕಿ ನೀರು ನಿಲ್ಲಿಸಿ ಹೊರಗಿಟ್ಟರು. ತಾಯಿಯ ತಂಗಿ ಪಾಪಕ್ಕ ಮಾತ್ರ ಹಿತ್ತಲ ಬಾಗಿಲಿನಿಂದ ಬಂದು ಹೋಗುವುದನ್ನು ಬಿಡಲಿಲ್ಲ. "ನಿಮ್ಮ ದೇವರು ನಿಮಗೆ, ನಮ್ಮಕ್ಕನ ಮಗಳು ನನಗೆ" ಎಂದು ಹೇಳಿ ಮಡಿಲಿನಿಂದ ಹುಣಸೆಹಣ್ಣನ್ನೋ ಸಜ್ಜೆರೊಟ್ಟಿಯನ್ನೋ ತೆಗೆದಿಡುತ್ತಿದ್ದಳು.

ಪಾಲಮ್ಮನಿಗೆ ಹತ್ತೊಂಬತ್ತಾದಾಗ ಚಳ್ಳಕೆರೆಯಿಂದ ಸಂಬಂಧ ಬಂತು. ವರ ಸತ್ಯನಾಥ, ಅಲ್ಲಿಯ ಮಿಷನ್ ಶಾಲೆಯ ಉಪಾಧ್ಯಾಯ. ನೋಡಲು ಲಕ್ಷಣವಾಗಿದ್ದ, ಕೊರಳು ಚೆನ್ನಾಗಿತ್ತು. ಅವನು ಪ್ರಾರ್ಥನೆಗೆ ನಿಂತರೆ ಮುದುಕಿಯರ ಕಣ್ಣು ಒದ್ದೆಯಾಗುತ್ತಿತ್ತು. ಇಂಥವನು ತನ್ನಂಥ ನೇಕಾರನ ಮಗಳನ್ನು ಕೇಳಿದ್ದೇ ಪೆದ್ದಣ್ಣನಿಗೆ ದೇವರ ವರದಂತೆ ಕಂಡಿತು. ನಿಶ್ಚಿತಾರ್ಥ ನಡೆಯಿತು. ಅಂದಿನಿಂದ ಸತ್ಯನಾಥ ತಿಂಗಳಿಗೊಮ್ಮೆ ಗಾಡಿ ಹಿಡಿದು ಮೊಳಕಾಲ್ಮೂರಿಗೆ ಬರತೊಡಗಿದ. ಆರಾಧನೆ ಮುಗಿದ ಮೇಲೆ ಮಿಷನ್ ದೇವಾಲಯದ ಜಗಲಿಯಲ್ಲಿ, ಹಿರಿಯರ ಕಣ್ಣೆದುರಿಗೆ, ಇಬ್ಬರೂ ಕೂತು ಮಾತಾಡಬಹುದಾಗಿತ್ತು. ಹಿಂದಿನ ಕುಲದಲ್ಲಿ ಇಲ್ಲದ ಸಲಿಗೆ ಇದು. ಪಾಲಮ್ಮನಿಗೆ ಆ ಜಗಲಿಯೇ ಸ್ವರ್ಗವಾಯಿತು. ಮಗ್ಗದಲ್ಲಿ ಕೂತಾಗ ತನ್ನಷ್ಟಕ್ಕೆ ತಾನೇ ನಗುತ್ತಿದ್ದಳು. ಅಪ್ಪ ನೋಡಿಯೂ ನೋಡದವನಂತೆ ಇರುತ್ತಿದ್ದ.

ಸತ್ಯನಾಥ ಮೊದಲು ಮುಟ್ಟಿದ್ದು ಅವಳ ಹೆಸರನ್ನು.

"ಪಾಲಮ್ಮ ಅನ್ನುವುದು ಹಳೆಯ ದೇವರ ಹೆಸರು. ನನ್ನ ಬಾಯಲ್ಲಿ ಅದು ಬರುವುದಿಲ್ಲ. ಇನ್ನು ಮೇಲೆ ನೀನು ಗ್ರೇಸಮ್ಮ" ಎಂದ. ಅಷ್ಟು ಪ್ರೀತಿಯಿಂದ ಹೆಸರಿಟ್ಟಾಗ ಬೇಡವೆನ್ನುವುದು ಹೇಗೆ? ಅವಳು ತಲೆಯಾಡಿಸಿದಳು. ಮುಂದಿನ ಸಲ ಬಂದಾಗ ಪಾಪಕ್ಕನ ಸಂಗತಿ ಎತ್ತಿದ. ವಿಗ್ರಹಕ್ಕೆ ಕೈ ಮುಗಿಯುವವರ ಕೈಯ ರೊಟ್ಟಿ ತಿನ್ನಬಾರದು ಎಂದ. ಪಾಲಮ್ಮ ಹಿತ್ತಲ ಬಾಗಿಲಿಗೆ ಚಿಲಕ ಹಾಕಿದಳು. ಆಚೆಯಿಂದ ಪಾಪಕ್ಕ, "ಅಮ್ಮಾಯಿ, ನಾನು ಕಣೇ" ಎಂದು ಕರೆಯುತ್ತಿದ್ದರೆ, ಈಚೆ ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಆಮೇಲೆ ಪಾಪಕ್ಕ ಬರುವುದನ್ನು ನಿಲ್ಲಿಸಿದಳು.

ನೂಲು ತಂದುಕೊಡುವ ಸಾಹುಕಾರನ ಆಳಿನ ಜೊತೆ ಏನು ಮಾತು, ಪಕ್ಕದ ಮನೆಯಿಂದ ದೇವಾಲಯಕ್ಕೆ ಬರುವ ಗೆಳತಿ ಸೂರಮ್ಮನ ಜೊತೆ ಅಷ್ಟೊಂದು ನಗುವೇಕೆ, ಹಾಡುವಾಗ ಗಂಡಸರ ಕಡೆಗೆ ಯಾಕೆ ನೋಡಿದೆ, ಹೀಗೆ ಪ್ರತಿ ಭೇಟಿಗೂ ಒಂದು ವಿಚಾರಣೆ ಇರುತ್ತಿತ್ತು. ಉತ್ತರ ಒಪ್ಪಿಗೆಯಾಗದಿದ್ದರೆ ಅವನು ಬೈಯುತ್ತಿರಲಿಲ್ಲ, ಮಾತು ಬಿಡುತ್ತಿದ್ದ. ಎದುರಿಗೇ ಕೂತು ಗುಡ್ಡ ನೋಡುತ್ತಿದ್ದ. ಅವಳು ಅತ್ತು, ತಪ್ಪಾಯಿತೆಂದು ಬೇಡಿಕೊಂಡ ಮೇಲೆ ಅವನ ಮುಖ ತಿಳಿಯಾಗುತ್ತಿತ್ತು. ಆಮೇಲೆ ಅವನಷ್ಟು ಒಳ್ಳೆಯವರು ಯಾರೂ ಇಲ್ಲ! "ನೀನಿಲ್ಲದೆ ನಾನು ಬದುಕಲಾರೆ, ಗ್ರೇಸಮ್ಮ" ಎಂದು ಅವನೂ ಕಣ್ಣೀರು ಹಾಕುತ್ತಿದ್ದ. ಆ ಕಣ್ಣೀರು ಸುಳ್ಳಾಗಿರಲಿಲ್ಲ. ಪಾಲಮ್ಮನನ್ನು ಕಟ್ಟಿಹಾಕಿದ್ದೂ ಅದೇ.

ಒಂದು ಭಾನುವಾರ ಸೂರಮ್ಮ ದೂರದಿಂದ ಕೂಗಿದಳೆಂದು ಪಾಲಮ್ಮ ಏಳಹೋದಾಗ ಅವನು ಅವಳ ಮಣಿಕಟ್ಟು ಹಿಡಿದುಕೊಂಡ. ಜಗಲಿಯ ಆ ತುದಿಯಲ್ಲಿ ಕೂತಿದ್ದ ಹಿರಿಯರಿಗೆ ಅದು ಕೈ ಹಿಡಿದಂತೆ ಕಂಡಿರಬೇಕು. ಬೆರಳುಗಳ ಗುರುತು ನೀಲಿಗಟ್ಟಿ ಉಳಿಯಿತು. ಮಗ್ಗದ ಪಕ್ಕದಲ್ಲಿ ಅವಳ ಲಾಳಿ ತಡವಾದಾಗ ಅಪ್ಪ ತಮ್ಮ ಮನೆಮಾತಾದ ತೆಲುಗು ಬೆರೆಸಿ ಕೇಳಿದ, "ಏನಾಯ್ತು ಬಿಡ್ಡಾ?"

"ಬಾವಿ ಹಗ್ಗ ಜಾರ್ತು, ನಾಯನಾ."

ಅಪ್ಪನಿಗೆ ಅವಳು ಹೇಳಿದ ಮೊದಲ ಸುಳ್ಳು ಅದು.

ಮದುವೆಯ ಪ್ರಕಟಣೆಯನ್ನು ಮೂರು ಭಾನುವಾರ ದೇವಾಲಯದಲ್ಲಿ ಓದಬೇಕು. ಎರಡು ಭಾನುವಾರ ಓದಿಯಾಗಿತ್ತು, ಅವನು ಮಣಿಕಟ್ಟು ಹಿಡಿದದ್ದು ಆ ಎರಡನೆಯ ಭಾನುವಾರವೇ. ಆ ವಾರ ದೊಡ್ಡಕ್ಕ ಕೊಂಡ್ಲಹಳ್ಳಿಗೆ ಹೊರಟವಳು ಪಾಲಮ್ಮನನ್ನೂ ಕರೆದುಕೊಂಡು ಹೋದಳು. ಊರ ಮುಂದಿನ ಹುಣಸೆ ಮರದಡಿ ಒಂದಷ್ಟು ಹೆಂಗಸರು ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರು. ಬಾವಿಯ ಬಳಿ ಯೇಸುಸ್ವಾಮಿ ನೀರು ಕೇಳಿದ ಹೆಂಗಸಿನ ಕಥೆಯನ್ನು ದೊಡ್ಡಕ್ಕ ಹೇಳಿದಳು. ಆ ಹೆಂಗಸಿನ ಬದುಕಿನ ಹುಳುಕೆಲ್ಲ ಸ್ವಾಮಿಗೆ ಗೊತ್ತಿತ್ತು, ಆದರೂ ಅವಳು ಹೆದರಿ ಓಡಲಿಲ್ಲ. ಕೊಡ ಅಲ್ಲೇ ಬಿಟ್ಟು, ಊರಿಗೆಲ್ಲ ಹೇಳಲು ಖುಷಿಯಿಂದ ಓಡಿದಳು ಎಂದಳು. ಕಥೆ ಮುಗಿಸಿ, "ನೀನೊಂದು ಪ್ರಾರ್ಥನೆ ಮಾಡವ್ವ" ಎಂದು ಪಾಲಮ್ಮನ ಕಡೆ ತಿರುಗಿದಳು.

ಪಾಲಮ್ಮ ಕಣ್ಣು ಮುಚ್ಚಿದಳು. ಆ ಹೆಂಗಸರಿಗಾಗಿ, ಅವರ ಮಕ್ಕಳಿಗಾಗಿ ಬೇಡಬೇಕೆಂದುಕೊಂಡಳು. ಆದರೆ ದಿನವೂ ರೂಢಿಯಾಗಿದ್ದ ಮಾತೇ ಬಾಯಿಂದ ಹೊರಬಿತ್ತು. "ಸ್ವಾಮೀ, ಸಿಟ್ಟು ಬರದೆ ಇರ್ಲಿ. ನನ್ನಿಂದ ಏನೂ ತಪ್ಪಾಗದೆ ಇರ್ಲಿ. ಸಿಟ್ಟು ಬರದೆ ಇರ್ಲಿ..." ಅಲ್ಲಿಗೆ ನಿಂತುಬಿಟ್ಟಳು. ಮುಂದೆ ಬೇರೆ ಮಾತೇ ಸಿಗಲಿಲ್ಲ.

ಕ್ಯಾತಮ್ಮನೆಂಬ ಮುದುಕಿ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿ ಕೇಳಿದಳು, "ಏನವ್ವಾ, ನಿಮ್ ದೇವ್ರಿಗೆ ಅಷ್ಟೊಂದು ಸಿಟ್ಟಾ? ಈಗ ತಾನೆ ಬಾಳ ಒಳ್ಳೇನು ಅಂತ ಹೇಳಿದ್ರಿ?"

ಹೆಂಗಸರು ನಕ್ಕರು. ಪಾಲಮ್ಮ ನಗಲಿಲ್ಲ. ದೇವರಿಗೆ ಸಿಟ್ಟಿರಲಿಲ್ಲ. ಎಷ್ಟೋ ತಿಂಗಳಿಂದ ಅವಳು ಬೇಡುತ್ತಿದ್ದದ್ದು ದೇವರನ್ನಾದರೂ, ಹೆದರುತ್ತಿದ್ದದ್ದು ಮಾತ್ರ ಸತ್ಯನಾಥನ ಮುಖಕ್ಕೆ. ಆ ಮುಖ ದೇವರಿದ್ದ ಜಾಗದಲ್ಲಿ ಬಂದು ಕೂತಿತ್ತು. ಅಷ್ಟು ಜನರ ನಡುವೆ ಅವಳಿಗೆ ಅದು ಹೊಳೆಯಿತು.

ಹಿಂದಿರುಗುವಾಗ ದಾರಿಯಲ್ಲಿ ದೊಡ್ಡಕ್ಕನಿಗೆ ಎಲ್ಲ ಹೇಳಿದಳು. ಬಳೆ ಸರಿಸಿ ಮಣಿಕಟ್ಟು ತೋರಿಸಿದಳು. ದೊಡ್ಡಕ್ಕ ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟಳು.

"ಹೆಂಡ್ತಿ ತಗ್ಗಿ ನಡೀಬೇಕು ಅಂತ ವೇದದಾಗೆ ಐತಂತೆ. ಅವ್ರು ಓದಿ ತೋರಿಸ್ತಾರೆ, ದೊಡ್ಡಕ್ಕ."

"ಐತೆ. ಅದ್ರ ಕೆಳಗೇ ಗಂಡನಿಗೂ ಒಂದು ಮಾತೈತೆ. ಕ್ರಿಸ್ತ ನಮಗೋಸ್ಕರ ಜೀವ ಕೊಟ್ಟ ಹಂಗೆ ಅವ್ನು ಹೆಂಡ್ತೀನ ಪ್ರೀತಿಸ್ಬೇಕು ಅಂತ. ಅದನ್ನ ಓದಿದ್ನಾ?"

ಪಾಲಮ್ಮ ಯೋಚಿಸಿದಳು. "ಅಲ್ಲಿಗೆ ಬರೋದ್ರಾಗೆ ಪುಸ್ತಕ ಮುಚ್ತಾರೆ."

"ತಾಳ್ಕೊಳ್ಳೋದು ಬೇರೆ ಮಗಾ, ನಡುಗೋದು ಬೇರೆ. ಪ್ರೀತಿ ಇದ್ದ ಕಡೆ ತಾಳ್ಕೊ. ನಡುಕ ಇದ್ದ ಕಡೆ ಪ್ರೀತಿ ಐತೆ ಅಂತ ಹೆಂಗೆ ಹೇಳ್ಲಿ?"

"ಆದ್ರೆ ನಂಗೆ ಅವ್ರು ಬೇಕು, ದೊಡ್ಡಕ್ಕ" ಎಂದು ಪಾಲಮ್ಮ ಗಟ್ಟಿಯಾಗಿ ಅತ್ತಳು. "ಈಗ್ಲೂ ಬೇಕು."

ದೊಡ್ಡಕ್ಕ ಅವಳ ತಲೆಯನ್ನು ತನ್ನ ತೊಡೆಗೆ ಒರಗಿಸಿಕೊಂಡಳು.

ಮೂರನೆಯ ಭಾನುವಾರ ಆರಾಧನೆಗೆ ಮೊದಲೇ ಪಾಲಮ್ಮ ಜಗಲಿಯಲ್ಲಿ ಸತ್ಯನಾಥನಿಗಾಗಿ ಕಾದಳು. ಅವನಿಗೆ ತಿಳಿಸಿ ಹೇಳಿದರೆ ಬದಲಾಗಬಹುದೆಂಬ ಆಸೆ ಇನ್ನೂ ಇತ್ತು.

"ನಿಮ್ಮನ್ನ ಕಂಡ್ರೆ ನಂಗೆ ಹೆದ್ರಿಕೆ ಆಗ್ತೈತೆ" ಎಂದಳು.

ಅವನು ಮುಗುಳ್ನಕ್ಕು ವೇದದ ಮಾತೊಂದನ್ನು ಹೇಳಿದ. "ಹೆದರಿಕೆಯೇ ಜ್ಞಾನಕ್ಕೆ ಮೂಲ."

"ಅದು ದೇವ್ರಿಗೆ ಹೆದ್ರೋದು. ನಿಮಗಲ್ಲ."

ಅವನ ಮುಖದಲ್ಲಿ ನಗು ಆರಿತು. ಯಾರು ಹೇಳಿಕೊಟ್ಟರು, ಆ ವಿಧವೆಯೇ ಎಂದು ಕೇಳಿದ. ಅವಳ ಕಡೆಗೆ ಕೈ ಚಾಚಿದ. ಅವಳು ಹಿಂದೆ ಸರಿದಳು. ಇನ್ನೇನು ಅಳುತ್ತಾನೆ ಎನಿಸಿತು. ಅವನು ಅತ್ತರೆ ತನ್ನ ಮನಸ್ಸು ಕರಗುತ್ತದೆಂದು ಹೆದರಿ ಒಳಗೆ ನಡೆದುಬಿಟ್ಟಳು.

ಪಾದ್ರಿ ಅಯ್ಯನವರು ಪ್ರಕಟಣೆ ಓದಿದರು. ಇವರ ಮದುವೆಗೆ ಅಡ್ಡಿಯೇನಾದರೂ ಇದ್ದರೆ ಈಗಲೇ ತಿಳಿಸಬೇಕು ಎಂದರು. ಯಾರೂ ಎಂದೂ ಉತ್ತರಿಸದ ಪ್ರಶ್ನೆ ಅದು. ಹೆಂಗಸರ ಸಾಲಿನಲ್ಲಿ ಪಾಲಮ್ಮ ಎದ್ದು ನಿಂತಳು.

"ನಾನೇ ಅಡ್ಡಿ, ಅಯ್ಯನವ್ರೇ. ಈ ಮದುವೆ ನಂಗೆ ಬ್ಯಾಡ."

ಅಯ್ಯನವರು ಕನ್ನಡಕ ತೆಗೆದು, "ಕಾರಣ ಹೇಳಮ್ಮ" ಎಂದರು. ಪಾಲಮ್ಮ ಬಳೆ ಸರಿಸಿ ಕೈ ಎತ್ತಿದಳು. ಹಿಂದಿನ ಸಾಲುಗಳಿಗೆ ಅದು ಕಾಣಲಿಲ್ಲ. ಅಯ್ಯನವರಿಗೆ ಕಂಡಿತು. ಅವರು ಆ ಹಾಳೆಯನ್ನು ಮಡಿಸಿಟ್ಟರು. ಗಂಡಸರ ಕಡೆಯಿಂದ ಪೆದ್ದಣ್ಣ ಎದ್ದು, ತಲೆಯ ರುಮಾಲು ಕೈಗೆತ್ತಿಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ಹೋದ.

ಕುಲ ಬಿಟ್ಟವನಿಗೆ ಕ್ರೈಸ್ತ ಸಭೆಯೇ ಕುಲವಾಗಿತ್ತು. ಅಲ್ಲೂ ಮಾನ ಹೋಯಿತೆಂಬುದು ಅವನ ಸಂಕಟ. ಮಗಳ ಜೊತೆ ಮಾತು ಬಿಟ್ಟ. ಆದರೂ ಮಗ್ಗ ಬಿಡುವಂತಿರಲಿಲ್ಲ. ಬೆಳಗಾದರೆ ಇಬ್ಬರೂ ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ ಕೂತು ಒಂದೇ ಸೀರೆ ನೇಯುತ್ತಿದ್ದರು. ಅವನ ಲಾಳಿ ಬಂದಾಗ ಅವಳು ತನ್ನದನ್ನು ದಾಟಿಸುತ್ತಿದ್ದಳು.

ಹಿತ್ತಲ ಬಾಗಿಲಿನ ಚಿಲಕ ತೆಗೆದು ಪಾಲಮ್ಮ ತಾನೇ ಪಾಪಕ್ಕನ ಮನೆಗೆ ಹೋದಳು. ಪಾಪಕ್ಕ ಹೊಸಿಲಲ್ಲೇ ಅವಳನ್ನು ನಿಲ್ಲಿಸಿ ಬೈದಳು, ಅತ್ತಳು, ಆಮೇಲೆ ಅಲ್ಲೇ ಕೂರಿಸಿ ಉಣ್ಣಲಿಕ್ಕೆ ಇಟ್ಟಳು.

ಸತ್ಯನಾಥ ಮೊಳಕಾಲ್ಮೂರಿಗೆ ಬರುವುದನ್ನು ಬಿಡಲಿಲ್ಲ. ವರ್ಷ ತುಂಬುವ ಮೊದಲೇ ಅವನು ಸೂರಮ್ಮನನ್ನು ಕೇಳಿದನೆಂಬ ಸುದ್ದಿ ಬಂತು. ಕೂಲಿ ಮಾಡಿ ಬದುಕುತ್ತಿದ್ದ ಅವಳ ತಂದೆ ದೊಡ್ಡಪಾಲಯ್ಯನಿಗೆ ಎರಡನೆಯ ಮಾತಿರಲಿಲ್ಲ. ನೀಲಿಗಟ್ಟಿದ ಮಣಿಕಟ್ಟಿನ ಕಥೆ ಅಷ್ಟರಲ್ಲಿ ಬೇರೆಯೇ ಆಗಿತ್ತು. ಹುಡುಗಿಗೆ ಸಾಹುಕಾರನ ಆಳಿನ ಮೇಲೆ ಮನಸ್ಸಿತ್ತಂತೆ, ನೆಪಕ್ಕೆ ಕೈ ತೋರಿಸಿದಳಂತೆ.

ಪಾಲಮ್ಮ ಗೆಳತಿಯ ಮನೆಗೆ ಓಡಿದಳು. "ಬ್ಯಾಡ ಕಣೇ ಸೂರಿ. ನಂಗೆ ಆಗಿದ್ದನ್ನ ಹೇಳ್ತಾ ಇದೀನಿ, ಕೇಳು. ಮೊದ್ಲು ನಿನ್ನ ಹೆಸ್ರು ಬದಲಿಸ್ತಾರೆ, ಆಮ್ಯಾಲೆ ನಿನ್ನೋರನ್ನ ಬಿಡಿಸ್ತಾರೆ."

ಸೂರಮ್ಮ ಬಿಂದಿಗೆ ತಿಕ್ಕುತ್ತಾ ತಲೆ ಎತ್ತದೆ ಹೇಳಿದಳು, "ನಿನ್ ಮ್ಯಾಲೆ ಪ್ರೀತಿ ಕಮ್ಮಿ ಇತ್ತೇನೋ, ಅದಕ್ಕೆ ಹಂಗೆ ಮಾಡಿದ್ರೇನೋ. ನನ್ ಹತ್ರ ಹಂಗಿಲ್ಲ. ನನ್ನ ಗ್ರೇಸಮ್ಮ ಅಂತಾರೆ, ಎಷ್ಟು ಚೆಂದಾಗಿ ಕರೀತಾರೆ ಗೊತ್ತಾ?"

ಪಾಲಮ್ಮ ತನ್ನದೇ ಎಂದುಕೊಂಡಿದ್ದ ಆ ಹೆಸರೂ ಅವಳದಾಗಿರಲಿಲ್ಲ. ಅವಳ ಮುಖ ನೋಡಿ ಸೂರಮ್ಮ, "ಹೊಟ್ಟೆಕಿಚ್ಚು ಪಡಬ್ಯಾಡ ಪಾಲಿ" ಎಂದಳು. ಅದರಲ್ಲಿ ಎಳ್ಳಷ್ಟಾದರೂ ನಿಜ ಇದ್ದದ್ದರಿಂದಲೇ ಪಾಲಮ್ಮ ಎದ್ದು ಬಂದಳು.

ಸೂರಮ್ಮನ ಮದುವೆಯಾಗಿ ಕೆಲವು ವರ್ಷಗಳ ಮೇಲೆ ಚಳ್ಳಕೆರೆಯ ಸಂತೆಯಲ್ಲಿ ಕಂಬಳಿಗಳ ರಾಶಿಯ ಪಕ್ಕ ಪಾಲಮ್ಮನಿಗೆ ಅವಳು ಸಿಕ್ಕಳು. "ಚೆನ್ನಾಗಿದೀಯೇನೇ?" ಎಂದು ಪಾಲಮ್ಮ ಕೈ ಹಿಡಿದಳು. ಸೂರಮ್ಮ ಮೊದಲು ತುಸು ದೂರದಲ್ಲಿ ನಿಂತಿದ್ದ ಗಂಡನ ಮುಖ ನೋಡಿದಳು. ಆಮೇಲೆ, "ದೇವ್ರ ದಯೆ" ಎಂದಳು. ನಗುವಾಗ ಬಾಯಿ ತುಂಬ ನಗುತ್ತಿದ್ದ ಹುಡುಗಿ ಅವಳು.

ದೊಡ್ಡ ಜ್ವರ ಊರೂರು ಹೊಕ್ಕ ವರ್ಷ, ದೊಡ್ಡ ಯುದ್ಧ ಮುಗಿಯುವ ಹೊತ್ತಿಗೆ, ಸೂರಮ್ಮ ಹಾಸಿಗೆ ಹಿಡಿದಳೆಂದು ಸುದ್ದಿ ಬಂತು. ದೊಡ್ಡಕ್ಕ ಅಷ್ಟರಲ್ಲಿ ತೀರಿಕೊಂಡಿದ್ದಳು. ಪಾಲಮ್ಮ ಗಾಡಿ ಹತ್ತಿದಳು. ತನ್ನ ಮಗಳ ಜೊತೆ ಅಷ್ಟು ವರ್ಷ ಅಗತ್ಯದ ಮಾತಷ್ಟೇ ಆಡುತ್ತಿದ್ದ ಪೆದ್ದಣ್ಣ, ಯಾರೂ ಕೇಳದೆಯೇ ಬಂದು ಪಕ್ಕದಲ್ಲಿ ಕೂತ.

ಸೂರಮ್ಮನ ಮೈ ಕೆಂಡವಾಗಿತ್ತು, ತುಟಿಗಳು ಒಡೆದಿದ್ದವು. ಪಾಲಮ್ಮ ಲೋಟ ಹಿಡಿದು, "ನೀರು ಕುಡೀತೀಯಾ?" ಎಂದಳು. ಸೂರಮ್ಮ ಗಂಡ ನಿಂತಿದ್ದ ಬಾಗಿಲ ಕಡೆ ಕಣ್ಣು ಹೊರಳಿಸಿದಳು.

"ಅವ್ರನ್ನ ಕೇಳು" ಎಂದಳು.

ಪೆದ್ದಣ್ಣ ಅದನ್ನು ಕೇಳಿಸಿಕೊಂಡ. ಮಾರನೆಯ ಮಧ್ಯಾಹ್ನ ಸೂರಮ್ಮ ತೀರಿಹೋದಳು. ಸಮಾಧಿಯ ಬಳಿ ಸತ್ಯನಾಥ ಬಿಕ್ಕಿ ಬಿಕ್ಕಿ ಅತ್ತ. ಹೆಂಡತಿಯೆಂದರೆ ಎಷ್ಟು ಪ್ರಾಣ ಎಂದು ಬಂದವರೆಲ್ಲ ಕಣ್ಣೊರೆಸಿಕೊಂಡರು. ಅವನಿಗಾಗಿ ಪ್ರಾರ್ಥಿಸಬೇಕೆಂದು ಪಾಲಮ್ಮ ಕಣ್ಣು ಮುಚ್ಚಿದಳು. ಅವನ ಹೆಸರಿನಾಚೆಗೆ ಒಂದು ಮಾತೂ ಹೊರಡಲಿಲ್ಲ.

ಹಿಂದಿರುಗುವ ಗಾಡಿ ಹುಲ್ಲುಗಾವಲು ದಾಟಿದ ಮೇಲೆ ಪೆದ್ದಣ್ಣ ಮಗಳ ಕಡೆ ತಿರುಗಿದ.

"ಆ ಮನೆಗೆ ನಿನ್ನ ನಾನೇ ಕಳಿಸ್ತಿದ್ದೆ ಬಿಡ್ಡಾ. ನನ್ನ ಕೈಯಾರೆ ಕಳಿಸ್ತಿದ್ದೆ."

ಆ ಮಾತಿಗಾಗಿ ಪಾಲಮ್ಮ ವರ್ಷಗಟ್ಟಲೆ ಕಾದಿದ್ದಳು. ಬಂದಾಗ ಅದು ಅವಳಿಗೆ ಯಾವ ಸಮಾಧಾನವನ್ನೂ ತರಲಿಲ್ಲ.

"ನಾನು ಬ್ಯಾಡ ಅಂದ ಜಾಗಕ್ಕೆ ಅವ್ಳು ಹೋದ್ಲು, ನಾಯನಾ" ಎಂದಳು. "ನಾನು ಸರಿಯಾಗಿ ಹೇಳ್ಬೇಕಿತ್ತು. ಕಾಲು ಹಿಡ್ಕಂಡಾದ್ರೂ ಹೇಳ್ಬೇಕಿತ್ತು."

ಪೆದ್ದಣ್ಣ ತನ್ನ ಕಂಬಳಿ ತೆಗೆದು ಅವಳ ಮೈಗೆ ಹೊದಿಸಿದ. ಗಾಡಿ ಮೊಳಕಾಲ್ಮೂರು ಸೇರುವ ತನಕ ಅವಳು ಅಳುತ್ತಲೇ ಇದ್ದಳು. ಅವನು ಸುಮ್ಮನಿರಿಸಲು ಹೋಗಲಿಲ್ಲ.