ಅರ್ಧ ನಿಮಿಷ ಹಿಂದೆ ಬಿದ್ದ ಹಾಡು

ಮದುವೆಗೆ ಹೆಣ್ಣು ಒಪ್ಪಿಕೊಳ್ಳಲು ನನಗೆ ಹಿಡಿದದ್ದು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು. ಅಂಗೈಯಗಲದ ಕಂಪ್ಯೂಟರ್ ಬೋರ್ಡೊಂದನ್ನು ಆರಿಸಲು ಹಿಡಿದದ್ದು ಮೂರು ತಿಂಗಳು. ಇದನ್ನು ನಾನೇ ಮೊದಲು ಹೇಳಿಬಿಡುವುದು ವಾಸಿ. ನನ್ನ ಹೆಂಡತಿ ಹೇಳಿದರೆ ಕಾಫಿಯನ್ನೂ ಅರ್ಧವೇ ಕುಡಿದಿದ್ದೆ ಎಂದು ಸೇರಿಸುತ್ತಾಳೆ.

ಎಲ್ಲಕ್ಕೂ ಕಾರಣ ಅವ್ವನ ರೇಡಿಯೊ. ಗಂಜಾಂನ ನಮ್ಮ ಮನೆಯಲ್ಲಿ ಬೆಳಿಗ್ಗೆ ಅವ್ವ ಅದರ ಮುಂದೆ ಸೊಪ್ಪು ಬಿಡಿಸುತ್ತಾ ಕೂರುತ್ತಾಳೆ, ಕೈಗೆಟುಕುವಂತೆ ಫೋನು ಇಟ್ಟುಕೊಂಡು. ಅತ್ತ ಕಿಕ್ಕೇರಿಯಲ್ಲಿ ಅವಳ ತಂಗಿ, ನಮ್ಮ ಚಿಕ್ಕವ್ವ, ಹೀಗೇ ಕೂತಿರುತ್ತಾಳೆ. ಕೋರಿಕೆಯ ಚಿತ್ರಗೀತೆಗಳಲ್ಲಿ ಮೊದಲನೆಯದು ಶುರುವಾಗಿ ಇನ್ನೂ ಬರೀ ವಾದ್ಯ ನುಡಿಯುತ್ತಿರುವಾಗಲೇ ಅದು ಯಾವ ಹಾಡೆಂದು ಯಾರು ಮೊದಲು ಫೋನ್ ಮಾಡಿ ಹೇಳುತ್ತಾರೋ ಅವರು ಗೆದ್ದಂತೆ. ಯಾರ ಫೋನು ಹೊಡೆದುಕೊಂಡಿತೋ ಅವರು ಸೋತಂತೆ. ಬೆಳಗೊಳದ ತವರಿನಲ್ಲಿ, ಲಂಗ ತೊಡುವ ವಯಸ್ಸಿನಲ್ಲಿ ಪಕ್ಕದ ಮನೆಯ ರೇಡಿಯೊಗೆ ಕಿವಿಗೊಟ್ಟು ಬಾಯಲ್ಲೇ ಕೂಗಿಕೊಂಡು ಶುರುಮಾಡಿದ ಪಂದ್ಯ ಇದು. ಇಬ್ಬರಿಗೂ ಮೊಮ್ಮಕ್ಕಳಾದರೂ ಮುಗಿದಿಲ್ಲ. ಹೀಗಿರುವಾಗ ಅವ್ವನ ರೇಡಿಯೊ ಒಂದು ದಿನ ಕೆಮ್ಮಿ ಸುಮ್ಮನಾಯಿತು. ಇದರ ಸಾಮಾನು ಈಗ ಬರುವುದಿಲ್ಲ ಎಂದು ರಿಪೇರಿಯವನು ವಾಪಸ್ಸು ಕೊಟ್ಟ.

ಹೊಸ ರೇಡಿಯೊ ತನ್ನಿ ಎಂದಳು ಹೆಂಡತಿ. ಆದರೆ ನಾನು ಶ್ರೀರಂಗಪಟ್ಟಣದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಅಷ್ಟು ಸರಳವಾದ ಮಾತು ನನಗೆ ಹಿಡಿಸುವುದಿಲ್ಲ. ಸಣ್ಣದೊಂದು ಬೋರ್ಡು ತಂದು ಸ್ಪೀಕರಿಗೆ ಜೋಡಿಸುತ್ತೇನೆ, ಇಂಟರ್‌ನೆಟ್ಟಿನಿಂದ ಲೋಕದ ಹಾಡೆಲ್ಲ ಬರುತ್ತದೆ, ಕರೆಂಟು ದೇವರ ಮನೆಯ ಬಲ್ಬಿಗಿಂತ ಕಡಿಮೆ ತಿನ್ನುತ್ತದೆ ಎಂದು ಘೋಷಿಸಿಬಿಟ್ಟೆ.

ಆರಿಸುವ ಕಷ್ಟ ಆಮೇಲೆ ತಿಳಿಯಿತು. ಒಂದು ಬೋರ್ಡಿಗೆ ಸ್ಪೀಕರಿನ ವೈರು ಸಿಕ್ಕಿಸಲು ತೂತೇ ಇಲ್ಲ. ಇನ್ನೊಂದಕ್ಕೆ ತೂತಿದೆ, ಆದರೆ ಅದರಿಂದ ಬರುವ ದನಿಗೆ ಸದಾ ನೆಗಡಿಯಂತೆ. ಮತ್ತೊಂದು ಎಲ್ಲದರಲ್ಲೂ ಮುಂದು, ಆದರೆ ಬೇಗ ತಲೆ ಬಿಸಿಮಾಡಿಕೊಳ್ಳುತ್ತದೆ. ಅಂಥವನು ಮನೆಗೆ ನಾನೊಬ್ಬ ಸಾಕು. ಎರಡು ವ್ಯಾಟೋ ಮೂರು ವ್ಯಾಟೋ ಎಂಬ ಚರ್ಚೆಯನ್ನು ವಾರಗಟ್ಟಲೆ ಓದಿದೆ. ಓದುವಾಗ ತಲೆಯ ಮೇಲೆ ಫ್ಯಾನು, ಎದುರಿಗೆ ಟೀವಿ ತಮ್ಮ ಪಾಡಿಗೆ ಓಡುತ್ತಿದ್ದವು. ಅಷ್ಟು ದಿನವೂ ಅವ್ವನ ಫೋನು ಬೆಳಗಿನ ಹೊತ್ತು ಮೌನವಾಗಿತ್ತು. ಅವ್ವ ಸೊಪ್ಪು ಬೇಗ ಬಿಡಿಸಿ ಎದ್ದುಬಿಡುತ್ತಿದ್ದಳು. ನೋಡಿದಾಗೆಲ್ಲ ನನಗೆ ನಾಚಿಕೆಯಾಗುತ್ತಿತ್ತು. ನಾಚಿಕೆಪಟ್ಟುಕೊಂಡೇ ಇನ್ನೊಂದು ವಿಮರ್ಶೆ ಓದುತ್ತಿದ್ದೆ.

ಕೊನೆಗೂ ಬೋರ್ಡು ಬಂತು. ಹಳೇ ರೇಡಿಯೊ ಪೆಟ್ಟಿಗೆಯೊಳಗೇ ಅದನ್ನು ಕೂರಿಸಿದೆ. ಯಾವ ಹಾಡು ಬೇಕಾದರೂ ಯಾವಾಗ ಬೇಕಾದರೂ ಕೇಳಬಹುದು ಎಂದು ವಿವರಿಸಿದೆ.

“ಯಾವಾಗ ಬೇಕಾದ್ರೂ ಕೇಳ್ಬೋದು ಅಂದ್ಮೇಲೆ ಈಗ್ಲೇ ಯಾಕ್ಲಾ ಕೇಳ್ಬೇಕು?” ಎಂದಳು ಅವ್ವ.

ಅವಳಿಗೆ ಬೇಕಾದದ್ದು ರೇಡಿಯೊ. ಅದೂ ಇಂಟರ್‌ನೆಟ್ಟಿನಲ್ಲಿ ಬರುತ್ತದೆ, ಹಾಕಿಕೊಟ್ಟೆ. ಮರುದಿನ ಬೆಳಿಗ್ಗೆ ನಮ್ಮ ಪೆಟ್ಟಿಗೆಯಲ್ಲಿ ಇನ್ನೂ ಜಾಹೀರಾತು ನಡೆಯುತ್ತಿರುವಾಗಲೇ ಅವ್ವನ ಫೋನು ಹೊಡೆದುಕೊಂಡಿತು. ಚಿಕ್ಕವ್ವ ಹಾಡಿನ ಹೆಸರು ಹೇಳಿ, ಗೆದ್ದು, ಫೋನ್ ಇಟ್ಟ ಮೇಲೆ ನಮ್ಮಲ್ಲಿ ಹಾಡು ಶುರುವಾಯಿತು.

ಗಾಳಿಯಲ್ಲಿ ಬರುವ ರೇಡಿಯೊ ಗಂಜಾಂಗೂ ಕಿಕ್ಕೇರಿಗೂ ಒಟ್ಟಿಗೇ ತಲುಪುತ್ತದೆ. ಇಂಟರ್‌ನೆಟ್ಟು ಹಾಗಲ್ಲ, ಹಾಡನ್ನು ಚೂರು ಮಾಡಿ, ಪೊಟ್ಟಣ ಕಟ್ಟಿ, ಊರೂರು ಸುತ್ತಿಸಿ ತಂದು, ಮಧ್ಯೆ ತುಂಡಾಗದಿರಲೆಂದು ಒಂದಿಷ್ಟು ಕೂಡಿಟ್ಟುಕೊಂಡು ಆಮೇಲೆ ಬಿಡುತ್ತದೆ. ಅರ್ಧ ನಿಮಿಷ ತಡ. ಅಣೆಕಟ್ಟೆಯ ಹತ್ತಿರದಲ್ಲೇ ಇದ್ದೂ ನಾವು ನಾಲೆಯ ಕೊನೆಯ ಗದ್ದೆಯವರಾದೆವು. ಮಕ್ಕಳಿಗೆ ಬೆಳಕಿನ ವೇಗ ಕಲಿಸುವವನಿಗೆ ಇದು ಮೊದಲೇ ಹೊಳೆಯಬೇಕಿತ್ತು.

ಅವ್ವ ಒಂದು ವಾರ ಸತತವಾಗಿ ಸೋತಳು. ನಿನ್ನ ಪೆಟ್ಟಿಗೆ ಸೋಂಬೇರಿ ಎಂದು ನನ್ನನ್ನು ಬೈದಳು. ಹೊಸ ರೇಡಿಯೊ ವಿಚಾರವನ್ನು ಹೆಂಡತಿ ಮತ್ತೆ ಎತ್ತಿದಳು. ನಾನು ಹಟ ಹಿಡಿದು ಕೂತು ಬೋರ್ಡಿನ ಸೆಟ್ಟಿಂಗುಗಳನ್ನೆಲ್ಲ ತಿರುವಿಹಾಕಿದೆ. ಎರಡನೆಯ ವಾರ ಅವ್ವ ಗೆದ್ದಳು. ಮರುದಿನವೂ ಗೆದ್ದಳು. ಆಮೇಲೆ ದಿನಾ ಗೆಲ್ಲತೊಡಗಿದಳು. ತಡವನ್ನು ಹೇಗೆ ನಿವಾರಿಸಿದೆ ಎಂದು ಸ್ಟಾಫ್ ರೂಮಿನಲ್ಲಿ ಕೇಳಿದವರಿಗೂ ಕೇಳದವರಿಗೂ ಉಪನ್ಯಾಸ ಕೊಟ್ಟೆ.

ಆ ತಿಂಗಳು ನೆಂಟರೊಬ್ಬರ ಗೃಹಪ್ರವೇಶಕ್ಕೆಂದು ಕಿಕ್ಕೇರಿಗೆ ಹೋದವನು ಚಿಕ್ಕವ್ವನ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಅವಳ ರೇಡಿಯೊದಲ್ಲಿ ಕೊಳಲು ಶುರುವಾದದ್ದೇ ತಡ, ಚಿಕ್ಕವ್ವನ ತುಟಿ ಹಾಡಿನ ಮೊದಲ ಸಾಲನ್ನು ಗುನುಗಿತು. ಕೈ ಫೋನಿನ ಮೇಲೆ ಹೋಯಿತು. ಅಲ್ಲೇ ನಿಂತಿತು. ಕೊಳಲು ಮುಗಿದು ಪಲ್ಲವಿಯೂ ಮುಗಿಯಿತು, ಚಿಕ್ಕವ್ವ ಒತ್ತಲಿಲ್ಲ. ಆಗ ಫೋನು ಹೊಡೆದುಕೊಂಡಿತು.

“ಸೋತೆ ಕಣಕ್ಕಾ,” ಎಂದು ದನಿ ಕುಗ್ಗಿಸಿ ಹೇಳಿ ಫೋನ್ ಇಟ್ಟಳು. ನಾನು ನೋಡುತ್ತಿದ್ದುದನ್ನು ಕಂಡು ನಕ್ಕಳು. “ನಿನ್ ಬೋರ್ಡು ನಿಧಾನ ಕಣಪ್ಪ. ದಿನಾ ಸೋತ್ರೆ ಅಕ್ಕ ಆಟನೇ ಬುಟ್ಬುಡ್ತಾಳೆ. ಆಮ್ಯಾಕೆ ನಾನ್ ಯಾರ್ ಜೊತೆ ಆಡ್ಲಿ?”

ಉಪನ್ಯಾಸ ಕೇಳಿದ ಸಹೋದ್ಯೋಗಿಗಳ ಮುಖಗಳು ನನಗೆ ನೆನಪಾದವು.

ಗಂಜಾಂಗೆ ಬಂದು ಅವ್ವನಿಗೆ ಏನೂ ಹೇಳಲಿಲ್ಲ. ಅವಳೇ ಸಂಜೆ ಕರೆದು, ತಂಗಿ ಹದಿನೈದು ದಿನದಿಂದ ಸೋಲುತ್ತಲೇ ಇದ್ದಾಳೆ, ವಯಸ್ಸಾಯಿತೋ ಏನೋ, ನಾಳೆ ಒಂದು ದಿನ ಅವಳಿಗೆ ಬಿಟ್ಟುಕೊಡುತ್ತೇನೆ ಎಂದಳು. ನಾನು ಬಾಯಿ ತೆರೆದೆ. ಯಾರ ಗುಟ್ಟನ್ನು ಯಾರಿಗೆ ಹೇಳುವುದೆಂದು ತಿಳಿಯದೆ ಮುಚ್ಚಿದೆ.

ಮರುದಿನ ಹಾಡು ಶುರುವಾಯಿತು. ಅವ್ವನಿಗೆ ಕೂಡಲೇ ಗೊತ್ತಾಯಿತೆಂದು ಮುಖವೇ ಹೇಳುತ್ತಿತ್ತು, ಆದರೆ ಕೈ ಸೊಪ್ಪಿನ ಮೇಲೇ ಇತ್ತು. ಅತ್ತ ಕಿಕ್ಕೇರಿಯಲ್ಲಿ ಚಿಕ್ಕವ್ವನೂ ಕಾಯುತ್ತಿದ್ದಳು. ಪಲ್ಲವಿ ಕಳೆಯಿತು, ಮೊದಲ ಚರಣ ಕಳೆಯಿತು, ಯಾರ ಫೋನೂ ಹೊಡೆದುಕೊಳ್ಳಲಿಲ್ಲ. ಹೆಸರು ಹೇಳಿ ಜಗಳಕ್ಕಿಳಿಯುವ ಈ ಅಕ್ಕತಂಗಿಯರು ಪಂದ್ಯದ ಹಾಡೊಂದನ್ನು ಕೊನೆಯವರೆಗೆ ಕೇಳಿದ್ದು ಬಹುಶಃ ಅದೇ ಮೊದಲು. ಅವ್ವ ಸೊಪ್ಪು ಬಿಡಿಸುವುದನ್ನೂ ನಿಲ್ಲಿಸಿದ್ದಳು.

“ಕೊನೆ ಚರಣ ಇಷ್ಟ್ ಚೆಂದಾಗದೆ ಅಂತ ನಂಗೆ ಗೊತ್ತೇ ಇರ್ನಿಲ್ಲ ಕಣ್ಲಾ,” ಎಂದಳು.