ಗಾಳಿ ಎಂದು ಗೀರಿದ ಎದೆ

ನಮ್ಮ ಕೇರಿಯಲ್ಲಿ ಯಾರ ಮೈಯೊಳಗೆ ಗಾಳಿ ಹೊಕ್ಕು ಶೀತ, ಮೈನೋವು ಬಂದರೂ ಕರೆಯುವುದು ನನ್ನ ಅತ್ತೆ ಸುಕಿನೆಮ್ ಅವರನ್ನೇ. ಬೆನ್ನಿಗೆ ಮುಲಾಮು ಸವರಿ, ಗಾಳಿ ಹೊರಹೋಗಲೆಂದು ಹಳೇ ನಾಣ್ಯದಿಂದ ಕೆಂಪು ಗೆರೆ ಏಳುವವರೆಗೆ ಗೀರುತ್ತಾರೆ. ಜಾವಾದ ಸೋಲೊ ಊರಿನ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರಿ ಒಬ್ಬನೇ ಮಗನನ್ನು ಸಾಕಿದವರು. ಮಾವ ಮೂವತ್ತೆಂಟಕ್ಕೇ ಹೋದರು. 'ಗಾಳಿ ಎದೆಯ ಮೇಲೆ ಕೂತುಬಿಟ್ಟಿತು' ಎಂಬುದಷ್ಟೇ ನಾನು ಕೇಳಿದ್ದ ಕಥೆ.

ಸೋಮವಾರ ನನ್ನ ಗಂಡ ಸರ್ವೊಕೊ ಅಕ್ಕಿ ಮೂಟೆ ಹೊತ್ತಿದ್ದಾಗಲೇ ಮಾರ್ಕೆಟ್ಟಿನಲ್ಲಿ ಕುಸಿದು ಬಿದ್ದರು. ಎಚ್ಚರವಾದ ಮೇಲೆ ನಡೆದೇ ಮನೆಗೆ ಬಂದರು. ಅತ್ತೆ ಎದೆಗೂ ಬೆನ್ನಿಗೂ ಮುಲಾಮು ಬಳಿದು ಗೀರತೊಡಗಿದರು. ಗೆರೆ ಕೆಂಪಾಯಿತೇ ಎಂದು ಮತ್ತೆ ಮತ್ತೆ ಬಗ್ಗಿ ನೋಡುತ್ತಿದ್ದರು. ಅವರು ಹಾಗೆ ನೋಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ನನಗೆ ಹೆದರಿಕೆ ಹತ್ತಿದ್ದು ಆಗ. ಐದು ವರ್ಷದ ಮಗಳು ಲಿಂತಾಂಗ್‌ಳನ್ನು ಸೊಂಟಕ್ಕೇರಿಸಿ, "ಏಳಿ ಮಾಸ್, ಆಸ್ಪತ್ರೆಗೆ ಹೋಗೋಣ" ಎಂದೆ ಗಂಡನಿಗೆ; 'ಮಾಸ್' ಎಂದೇ ನಾನು ಅವರನ್ನು ಕರೆಯುವುದು. ಅತ್ತೆಯೂ ಹಿಂದೆಯೇ ಬಂದರು.

ಇಸಿಜಿಯ ರಬ್ಬರ್ ಬಟ್ಟಲುಗಳು ಎದೆಯ ಮೇಲೆ ನಿಲ್ಲದೆ ಜಾರಿ ಜಾರಿ ಬಿದ್ದವು.

"ಏನ್ ಬು, ಮಗನ್ನ ಬಾಣಲೆಗೆ ಹಾಕೋಕೆ ಎಣ್ಣೆ ಹಚ್ಚಿದ್ರಾ?" ಎಂದಳು ನರ್ಸ್. 'ಬು' ಅಂದರೆ ಅಮ್ಮ. ಅತ್ತೆ ಹೆಗಲ ಬಟ್ಟೆಯಿಂದ ಮುಲಾಮನ್ನು ತಾವೇ ಒರೆಸಿದರು.

ಕಾಗದ ಹೊರಬಂತು. ಗೆರೆಗಳು ಒಂದರ ಸಾಲಿಗೊಂದು ನುಗ್ಗುವಷ್ಟು ಎತ್ತರ. ಡಾಕ್ಟರಮ್ಮ ಅದರ ಮೇಲೆ ಬೆರಳಿಟ್ಟರು. "ಹೃದಯದ ಸ್ನಾಯು ದಪ್ಪ ಆಗಿರೋ ಹಾಗಿದೆ. ದೊಡ್ಡಾಸ್ಪತ್ರೇಲಿ ಸ್ಕ್ಯಾನ್ ಮಾಡಿದ್ರೆ ಖಚಿತ ಆಗುತ್ತೆ. ಅಲ್ಲೀವರೆಗೆ ಭಾರ ಎತ್ತೋ ಹಾಗಿಲ್ಲ. ಮನೇಲಿ ಬೇರೆ ಯಾರಾದ್ರೂ ಹೀಗೆ ಬಿದ್ದಿದ್ರಾ?"

"ಇಲ್ಲ" ಎಂದರು ನನ್ನವರು.

"ಇವನಪ್ಪ" ಎಂದರು ಅತ್ತೆ. "ಎರಡು ಸಲ ಬಿದ್ದಿದ್ರು. ಮೂರನೇ ಸಲ ನಾನು ಬೆನ್ನು ಗೀರ್ತಾ ಇದ್ದೆ. ಗೆರೆ ಕೆಂಪಾಗ್ಲೇ ಇಲ್ಲ. ಇನ್ನೂ ಒತ್ತಿ ಗೀರಿದೆ. ಆಮೇಲೆ ಗೊತ್ತಾಯ್ತು."

ಇಪ್ಪತ್ತೆರಡು ವರ್ಷ ಮಗನಿಗೂ ಹೇಳದ ಮಾತು.

ಡಾಕ್ಟರಮ್ಮ ಲಿಂತಾಂಗ್ ಕಡೆಗೆ ತಿರುಗಿದರು. "ಇದು ಅಪ್ಪನಿಂದ ಮಕ್ಕಳಿಗೆ ಬರಬಹುದು. ಮಗೂದೂ ನೋಡಿಬಿಡೋಣ."

ಅವಳ ಅಂಗಿಯ ಗುಂಡಿಯನ್ನು ಅತ್ತೆಯೇ ಬಿಚ್ಚಿದರು. ತಣ್ಣನೆಯ ಬಟ್ಟಲು ತಾಗಿ ಮಗು ಕಿಲಕಿಲ ನಕ್ಕಿತು. ನಾವು ಕಾಗದವನ್ನೇ ನೋಡುತ್ತಿದ್ದೆವು.

"ಇವತ್ತಿಗೆ ಸರಿಯಿದೆ. ಬೆಳೀತಾ ಬೆಳೀತಾ ಬರಬಹುದು, ಆಗಾಗ ತೋರಿಸ್ತಿರಿ."

ಹೊರಗೆ ಬಂದೊಡನೆ ಸರ್ವೊಕೊ ಬಗ್ಗಿ ಮಗಳನ್ನು ಎತ್ತಿಕೊಂಡರು.

"ಇಳಿಸೋ!" ಅತ್ತೆ ಕಿರುಚಿದರು.

"ಹದಿನೈದು ಕೆಜಿ ಹುಡುಗಿ ಬು, ಅಕ್ಕಿ ಮೂಟೆ ಅಲ್ಲ."

"ಇಳಿಸು ಅಂದೆ."

ಇಳಿಸಿದರು. ಅತ್ತೆ ಅದೇ ಹೆಗಲ ಬಟ್ಟೆಯಲ್ಲಿ ಮೊಮ್ಮಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಮುಂದೆ ನಡೆದರು. ನಾನು ಗಂಡನ ಹಿಂದೆಯೇ ಹೆಜ್ಜೆ ಹಾಕಿದೆ, ಬಿದ್ದರೆ ಕೈಗೆ ಸಿಗುವಷ್ಟು ಹತ್ತಿರ.