ಹಳದಿ ಗೆರೆಯ ಮೇಲೆ ವಿಭೂತಿ

ನನ್ನ ಮೊಬೈಲಿನಲ್ಲಿ ಎರಡು ಫೋಟೋಗಳಿವೆ. ಎರಡೂ ನನ್ನ ಜೀಪಿನ ಮುಂದಿನ ಎಡಗಾಲಿಯವು. ಮೊದಲನೆಯದು ಇಳಕಲ್ಲಿನ ಒಂದು ಗ್ಯಾರೇಜಿನಲ್ಲಿ ತೆಗೆದದ್ದು, ಎರಡನೆಯದು ಕೆಲವು ದಿನಗಳ ನಂತರ ಚೊಳಚಗುಡ್ಡದ ಬನಶಂಕರಿ ಗುಡಿಯ ಮುಂದೆ ತೆಗೆದದ್ದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಒಬ್ಬ ಒಳ್ಳೆಯ ಮಿಸ್ತ್ರಿಯ ಹೆಸರನ್ನು ನಾನು ಹೇಗೆ ಕೆಡಿಸಿದೆ ಎಂಬುದು ಯಾರಿಗಾದರೂ ತಿಳಿಯುತ್ತದೆ. ನನಗೆ ತಿಳಿದದ್ದು ಮರುಭೂಮಿಯಿಂದ ತಿರುಗಿ ಬಂದ ಮೇಲೆ. ತಿಳಿದ ಮೇಲೂ ಎಂಟು ತಿಂಗಳು ಬಾಯಿ ಬಿಡಲಿಲ್ಲ. ನನ್ನ ನಾಚಿಕೆ ಇರುವುದು ಆ ಎಂಟು ತಿಂಗಳಲ್ಲಿ.

ನಾನು ಬಾಗಲಕೋಟೆಯ ಕಾಲೇಜೊಂದರಲ್ಲಿ ಕನ್ನಡ ಕಲಿಸುವವನು. ಐವತ್ತು ದಾಟಿದ ಮೇಲೆ ರಾಜಸ್ಥಾನದ ಮರುಭೂಮಿಯನ್ನು ನೋಡಬೇಕೆಂಬ ಹುಚ್ಚು ಹಿಡಿಯಿತು. ನೋಡುವುದೆಂದರೆ ರೈಲಿನಲ್ಲಿ ಹೋಗಿ ಒಂಟೆ ಹತ್ತಿ ಬರುವುದಲ್ಲ, ಸ್ವಂತ ಜೀಪಿನಲ್ಲಿ ಉಸುಕಿನ ದಿಬ್ಬಗಳ ಒಳಗೆ ಹೋಗುವುದು. ಅದಕ್ಕಾಗಿ ಇಳಕಲ್ಲಿನ ಕಲ್ಲಿನ ಕ್ವಾರಿಯೊಂದರಲ್ಲಿ ವರ್ಷಗಟ್ಟಲೆ ದುಡಿದು ಮೂಲೆ ಸೇರಿದ್ದ, ನಾಲ್ಕೂ ಗಾಲಿಗಳಿಂದ ಎಳೆಯುವ ಹಳೆಯ ಜೀಪೊಂದನ್ನು ಕೊಂಡೆ. ನನ್ನ ಹೆಂಡತಿ ಅದರ ಸುತ್ತ ಒಂದು ಸಲ ತಿರುಗಿ ನೋಡಿದಳು. "ಇದರಾಗ ಮರುಭೂಮಿಗೆ ಹೋಗಿ ಬರ್ತೀರೋ, ಇದನ್ನ ಮರುಭೂಮ್ಯಾಗ ಬಿಟ್ಟು ಬರ್ತೀರೋ?" ಎಂದು ಕೇಳಿದಳು. ನನಗೆ ಸಿಟ್ಟು ಬಂತು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತು.

ಜೀಪನ್ನು ಕೊಟ್ಟವರೇ ಮಿಸ್ತ್ರಿಯನ್ನೂ ತೋರಿಸಿದರು. ಹುನಗುಂದದಿಂದ ಬರುವ ರಸ್ತೆಯ ಪಕ್ಕದಲ್ಲಿ ತಗಡಿನ ಶೆಡ್ಡು, ಅದರ ಹಿಂದೆಯೇ ಮನೆ. ಅರವತ್ತು ದಾಟಿದ ಮನುಷ್ಯ. ಸುತ್ತಲಿನ ಕ್ವಾರಿಗಳ ಜೀಪುಗಳೆಲ್ಲ ಅವರ ಕೈಯಲ್ಲೇ ಇದ್ದವು. ಅವರದೊಂದು ರೂಢಿಯಿತ್ತು. ಯಾವುದೇ ಬೋಲ್ಟನ್ನು ಬಿಗಿ ಮಾಡಿದ ಮೇಲೆ ಸಣ್ಣ ಬ್ರಶ್ಶಿನಿಂದ ಒಂದು ಹಳದಿ ಗೆರೆ ಎಳೆಯುತ್ತಿದ್ದರು, ಅರ್ಧ ಗೆರೆ ಬೋಲ್ಟಿನ ಮೇಲೆ, ಅರ್ಧ ಅದರ ಪಕ್ಕದ ಕಬ್ಬಿಣದ ಮೇಲೆ. ಬೋಲ್ಟ್ ಎಳ್ಳಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಗೆರೆ ಎಳೆದರೆಂದರೆ ಆ ಕೆಲಸಕ್ಕೆ ಅವರೇ ಜಾಮೀನು. ಕ್ವಾರಿಯವರು ಬೇರೆ ರಸೀದಿ ಕೇಳುತ್ತಿರಲಿಲ್ಲ, ಗೆರೆ ನೋಡಿ ಜೀಪು ಒಯ್ಯುತ್ತಿದ್ದರು.

ಎರಡು ತಿಂಗಳು ಪ್ರತಿ ರವಿವಾರ ಬಾಗಲಕೋಟೆಯಿಂದ ಇಳಕಲ್ಲಿಗೆ ಹೋಗಿ ಅವರ ಶೆಡ್ಡಿನಲ್ಲಿ ಕುಳಿತೆ. ಮಿಸ್ತ್ರಿ ಮರುಭೂಮಿಯನ್ನು ಕಂಡವರಲ್ಲ. ಒಂದು ದಿನ ಕೇಳಿದರು: "ಅಲ್ಲೀ ಉಸುಕು ನಮ್ಮ ಮಲಪ್ರಭಾ ಉಸುಕಿನಂಗ ಇರತೈತೇನ್ರಿ ಸರ್, ಇಲ್ಲಾ ಹಿಟ್ಟಿನಂಗ?" ನಾನೂ ಕಂಡವನಲ್ಲ. ಆದರೂ ಮೊಬೈಲಿನಲ್ಲಿ ನೋಡಿದ ಧೈರ್ಯದ ಮೇಲೆ "ಹಿಟ್ಟಿನಂಗ" ಎಂದೆ. ಅವರು ಅದನ್ನು ನಂಬಿ, ಎಂಜಿನ್ನಿನ ಒಳಗೆ ಧೂಳು ಹೋಗದಂತೆ ಒಂದರ ಹಿಂದೆ ಒಂದು ಎರಡು ಫಿಲ್ಟರ್ ಕೂಡಿಸಿದರು. ರೇಡಿಯೇಟರ್ ಇಳಿಸಿ ತೊಳೆದರು, ರಬ್ಬರಿನ ಪೈಪುಗಳನ್ನೆಲ್ಲ ಬದಲಾಯಿಸಿದರು, ನೀರಿನ ಮತ್ತು ಡೀಸೆಲ್ಲಿನ ಕ್ಯಾನುಗಳ ಭಾರ ತಡೆಯಲೆಂದು ಹಿಂದಿನ ಸ್ಪ್ರಿಂಗುಗಳಿಗೆ ಒಂದೊಂದು ಪಾಟಾ ಹೆಚ್ಚಿಗೆ ಹಾಕಿದರು. ಎಲ್ಲ ಕಡೆ ಹಳದಿ ಗೆರೆ.

ಕೊನೆಗೆ ಉಳಿದದ್ದು ಮುಂದಿನ ಗಾಲಿ. ಈ ಜೀಪಿನ ಮುಂದಿನ ಎರಡೂ ಗಾಲಿಗಳ ನಟ್ಟನಡುವೆ ಅಂಗೈ ಅಗಲದ ಒಂದು ತಿರುಗಣೆ ಇದೆ. ಅದಕ್ಕೆ ಹಬ್ ಎನ್ನುತ್ತಾರೆ. ಅದರ ಮೇಲೆ ಬೆರಳಿನಿಂದ ಹಿಡಿದು ತಿರುಗಿಸಲು ಒಂದು ಉಬ್ಬು ಪಟ್ಟಿ. ಒಂದು ಕಡೆ ತಿರುಗಿಸಿದರೆ ಲಾಕ್ ಆಗಿ ಮುಂದಿನ ಗಾಲಿಗೂ ಎಂಜಿನ್ನಿನ ಬಲ ಬರುತ್ತದೆ. ಇನ್ನೊಂದು ಕಡೆ ತಿರುಗಿಸಿದರೆ ಗಾಲಿ ಸುಮ್ಮನೆ ಉರುಳುತ್ತದೆ. ಆಮೇಲೆ ಒಳಗೆ ಕುಳಿತು ಯಾವ ಲಿವರ್ ಎಳೆದರೂ ಪ್ರಯೋಜನವಿಲ್ಲ. ಯಾವ ಕಡೆ ಯಾವುದು ಎಂದು ಬರೆದ ಅಕ್ಷರಗಳು ಕ್ವಾರಿಯ ಧೂಳಿನಲ್ಲಿ ಸವೆದು ಹೋಗಿದ್ದವು. ಮಿಸ್ತ್ರಿ ಎರಡನ್ನೂ ಲಾಕ್ ಮಾಡಿ ಅವುಗಳ ಮೇಲೂ ಗೆರೆ ಎಳೆದರು.

"ಲಾಕ್ ಮಾಡೇ ಬಿಟ್ಟೇನ್ರಿ ಸರ್. ಎಣ್ಣಿ ಸ್ವಲ್ಪ ಜಾಸ್ತಿ ತಿಂತೈತಿ, ತಿನ್ಲಿ. ನೀವು ತಿರುಗಿ ಬರೂತನಕ ಇದಕ್ಕ ಕೈ ಹಚ್ಚಬ್ಯಾಡ್ರಿ."

ನಾನು ಕೇಳಿಸಿಕೊಂಡೆ. ಆ ಗೆರೆ ಚೆಂದ ಕಂಡಿತೆಂದು ಒಂದು ಫೋಟೋ ಕೂಡ ತೆಗೆದೆ. ಮೊದಲನೆಯ ಫೋಟೋ ಅದು.

ಮರುದಿನ ಇಬ್ಬರೂ ಶಿವಯೋಗ ಮಂದಿರದ ಹತ್ತಿರ ಮಲಪ್ರಭೆಯ ದಂಡೆಗೆ ಜೀಪನ್ನು ಒಯ್ದೆವು. ಸಂಕ್ರಾಂತಿ ಕಳೆದು ಹೊಳೆ ಇಳಿದಿತ್ತು. ಟೈರಿನ ಗಾಳಿಯನ್ನು ಅರ್ಧ ಇಳಿಸಿ ಉಸುಕಿಗೆ ಇಳಿದರೆ ಜೀಪು ಎಲ್ಲಿಯೂ ನಿಲ್ಲಲಿಲ್ಲ. ಮುಂದಿನ ಗಾಲಿಗಳು ಉಸುಕನ್ನು ಹಿಡಿದು ಎಳೆಯುವುದು ನನ್ನ ಕೈಗೆ ತಿಳಿಯುತ್ತಿತ್ತು. ಮಿಸ್ತ್ರಿ ನಕ್ಕದ್ದನ್ನು ನಾನು ನೋಡಿದ್ದು ಆವತ್ತೇ. ಬಾದಾಮಿ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ, "ಗಾಡಿ ಪೂಜಾ ಮಾಡೂ ದಿವಸ ಹೇಳ್ರಿ ಸರ್, ಬರ್ತೇನಿ" ಎಂದರು. ಹೇಳುತ್ತೇನೆ ಎಂದೆ. ಹೇಳಲಿಲ್ಲ. ಅವರಿಗೆ ಕೆಲಸವಿರುತ್ತದೆ, ಯಾಕೆ ತೊಂದರೆ ಎಂದು ಹೆಂಡತಿಯ ಮುಂದೆ ನೆವ ಹೇಳಿದೆ. ಖರೆ ಮಾತೆಂದರೆ, ಪೂಜೆಗೆ ಪ್ರಿನ್ಸಿಪಾಲರು ಬರುವವರಿದ್ದರು, ಬೀಗರು ಬರುವವರಿದ್ದರು. ಗ್ರೀಸು ಮೆತ್ತಿದ ಅಂಗಿಯ ಮನುಷ್ಯನನ್ನು ಅವರ ನಡುವೆ ಎಲ್ಲಿ ಕೂಡಿಸಲಿ ಎಂದು ನನ್ನ ಮನಸ್ಸು ಅಂದಿತ್ತು. ಮಿಸ್ತ್ರಿ ಬಂದಿದ್ದರೆ ನನ್ನ ಕೈಯನ್ನು ತಡೆಯುತ್ತಿದ್ದರು.

ಪೂಜೆಯ ದಿನ ಬನಶಂಕರಿಯಲ್ಲಿ ತೆಂಗಿನಕಾಯಿ, ನಿಂಬೆಹಣ್ಣು, ಹೂವಿನ ಹಾರ ಎಲ್ಲವೂ ಆದ ಮೇಲೆ ಹೆಂಡತಿ, "ಗಾಲಿಗೂ ಈಬತ್ತಿ ಹಚ್ರಿ" ಎಂದಳು. ವಿಭೂತಿಯನ್ನು ನೀರಿನಲ್ಲಿ ಕಲಸಿ ನಾನೇ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತೆ. ಹಬ್ಬಿನ ಆ ಉಬ್ಬು ಪಟ್ಟಿ ಓರೆಯಾಗಿ ನಿಂತಿತ್ತು. ಅದರ ಮೇಲೆ ಮೂರು ಬೆರಳು ಎಳೆದರೆ ವಿಭೂತಿ ಸೊಟ್ಟಗೆ ಬಂತು. ನಮ್ಮ ಮನೆಯಲ್ಲಿ ಹಣೆಯ ವಿಭೂತಿ ಒಂದಿಷ್ಟು ಓರೆಯಾದರೂ ಅಪ್ಪ ಅಳಿಸಿ ಮತ್ತೆ ಹಚ್ಚಿಸುತ್ತಿದ್ದರು. ಆ ಶಿಸ್ತು ನನ್ನ ಬೆರಳಿನಲ್ಲಿ ಉಳಿದಿದೆ. ಒರೆಸಿ, ಪಟ್ಟಿಯನ್ನು ಹಿಡಿದು ಅಡ್ಡಕ್ಕೆ ಬರುವ ಹಾಗೆ ತಿರುಗಿಸಿ, ಮೂರು ಗೆರೆಗಳನ್ನು ನೆಟ್ಟಗೆ ಎಳೆದೆ. ಹಳದಿ ಗೆರೆ ಕಲೆಯ ಹಾಗೆ ಕಾಣುತ್ತಿತ್ತು, ಅದು ಮುಚ್ಚಿಹೋಯಿತು. ಬಲಗಾಲಿಗೂ ಹಾಗೆಯೇ ಮಾಡಿದೆ. ಗಾಲಿ ಒಂದು ಸುತ್ತು ಉರುಳಿದರೆ ವಿಭೂತಿ ಮತ್ತೆ ಸೊಟ್ಟಗಾಗುತ್ತದೆ ಎಂಬಷ್ಟು ಬುದ್ಧಿಯೂ ಆ ಹೊತ್ತಿಗೆ ನನಗಿರಲಿಲ್ಲ. ನನ್ನ ಜೊತೆ ಹೊರಟಿದ್ದ ಸಹೋದ್ಯೋಗಿ ಫೋಟೋ ತೆಗೆದು ಕಳಿಸಿದ. ಎರಡನೆಯ ಫೋಟೋ ಅದು.

ಜೈಸಲ್ಮೇರ್ ದಾಟಿ ಡಾಂಬರು ರಸ್ತೆ ಬಿಟ್ಟ ಮೊದಲ ದಿನವೇ ಜೀಪು ಹೂತಿತು. ನಾಲ್ಕೂ ಗಾಲಿಗೆ ಬಲ ಕೊಡುವ ಲಿವರ್ ಹಾಕಿದೆ. ಹಿಂದಿನ ಗಾಲಿಗಳು ತಿರುಗಿ ತಿರುಗಿ ಆಳಕ್ಕೆ ಇಳಿದವು, ಮುಂದಿನವು ಅಲುಗಲೇ ಇಲ್ಲ. ದಿಬ್ಬದ ತುದಿಗೆ ಹೋದಾಗ ಫೋನಿಗೆ ಸಿಗ್ನಲ್ ಸಿಕ್ಕಿತು. ಮಿಸ್ತ್ರಿಗೆ ಫೋನ್ ಹಚ್ಚಿದೆ.

ಅವರು ನಾನು ಹೇಳಿದ್ದನ್ನೆಲ್ಲ ಕೇಳಿ ಒಂದೇ ಮಾತು ಅಂದರು: "ಗಾಲಿ ನಡುವಿನ ಹಳದಿ ಗೆರಿ ಕೂಡ್ಯಾವೇನ ನೋಡ್ರಿ ಸರ್."

"ಅದೆಲ್ಲಾ ನನಗ ಗೊತ್ತೈತಿ. ನೀವು ಒಳಗ ಏನ್ ಮಾಡಿ ಇಟ್ಟೀರಿ ಅದನ್ನ ಹೇಳ್ರಿ."

"ಒಂದ್ಸಲ ನೋಡ್ರಿ."

ಫೋನ್ ಇಟ್ಟೆ. ಹಬ್ಬುಗಳು ಉಸುಕಿನಲ್ಲಿ ಮುಚ್ಚಿದ್ದವು. ನಾಲ್ಕು ಬೊಗಸೆ ಉಸುಕು ತೆಗೆದಿದ್ದರೆ ಕಾಣುತ್ತಿತ್ತು. ತೆಗೆಯಲಿಲ್ಲ, ಯಾಕೆಂದರೆ ತಪ್ಪು ಯಾರದೆಂದು ನಾನಾಗಲೇ ತೀರ್ಮಾನ ಮಾಡಿದ್ದೆ. ಅರ್ಧ ದಿನ ಬಿಸಿಲಿನಲ್ಲಿ ಬೆಂದ ಮೇಲೆ ಅಲ್ಲಿನ ರೈತರೊಬ್ಬರು ಟ್ರ್ಯಾಕ್ಟರ್ ಕಟ್ಟಿ ಎಳೆದರು. ಇಷ್ಟು ತಯಾರಿ ಮಾಡಿ ನಾವು ಒಳಗೆ ಹೋದದ್ದು ಅಷ್ಟೇ. ಜೈಸಲ್ಮೇರ್ ಮುಟ್ಟಿದ ಮೇಲೆ, ಬಾಗಲಕೋಟೆ ವಿಜಯಪುರದ ಕಡೆಯ ಜೀಪು ಇಟ್ಟವರ ವಾಟ್ಸಾಪ್ ಗುಂಪಿಗೆ ವಾಯ್ಸ್ ಮೆಸೇಜಿನಲ್ಲಿ ಬಾಯಲ್ಲೇ ಹೇಳಿ ಕಳಿಸಿದೆ: "ಇಳಕಲ್ ಮಿಸ್ತ್ರಿ ಕಡೆ ಯಾರೂ ಕೆಲಸ ಕೊಡಬ್ಯಾಡ್ರಿ. ಮುದುಕನ ಕಣ್ಣು ಹೋಗ್ಯಾವ. ಅಂವನ್ನ ನಂಬಿ ನಡುಹಾದ್ಯಾಗ ಸಾಯ್ತೀರಿ." ಎರಡು ತಿಂಗಳು ಅವರ ಮನೆಯ ಚಹಾ ಕುಡಿದ ಬಾಯಿ ಅದು. ಆ ಮಾತು ಗುಂಪಿನಿಂದ ಕ್ವಾರಿಯವರಿಗೆ ಹೋಯಿತು, ಯಾರದೋ ಮೊಬೈಲಿನಿಂದ ಮಿಸ್ತ್ರಿಯ ಕಿವಿಗೂ ಬಿತ್ತು.

ಬಾಗಲಕೋಟೆಗೆ ಬಂದು ಅಂಗಳದಲ್ಲಿ ಜೀಪು ತೊಳೆಯುವಾಗ ಗಾಲಿಯ ನಡುವೆ ಒಣಗಿದ ವಿಭೂತಿ ಕರಗಿ ಹೋಯಿತು. ಕೆಳಗೆ ಹಳದಿ ಗೆರೆ ಎರಡು ತುಂಡಾಗಿ ಕಂಡಿತು. ಮೊಬೈಲಿನ ಆ ಎರಡು ಫೋಟೋಗಳನ್ನು ತೆರೆದು ನೋಡಿದೆ. ಒಂದರಲ್ಲಿ ಗೆರೆ ಕೂಡಿದೆ, ಇನ್ನೊಂದರಲ್ಲಿ ಪಟ್ಟಿ ತಿರುಗಿದೆ. ನೀರಿನ ಪೈಪು ಕೈಯಲ್ಲಿ ಹಾಗೇ ಇತ್ತು. ಹೆಂಡತಿ ಒಳಗಿಂದ ಏನಾಯಿತೆಂದು ಕೇಳಿದಳು. ಏನಿಲ್ಲ ಎಂದೆ. ಎರಡೂ ಹಬ್ಬುಗಳನ್ನು ಮೊದಲಿನ ಹಾಗೆ ತಿರುಗಿಸಿ ಗೆರೆ ಕೂಡಿಸಿದೆ, ಕಳ್ಳನ ಹಾಗೆ ಆಚೀಚೆ ನೋಡುತ್ತ.

ಅದೇ ವಾರ ಮಿಸ್ತ್ರಿಯ ಫೋನ್ ಬಂತು. ಅವರು ಬೈಯಲಿಲ್ಲ. "ಗಾಡಿ ತರ್ರಿ ಸರ್. ಪೂರಾ ಬಿಚ್ಚಿ ನೋಡ್ತೇನಿ. ಏನ್ ತಪ್ಪೇನಿ ಅಂತ ನನಗೂ ಗೊತ್ತಾಗಬೇಕಲ್ಲ." ಆಗ ಹೇಳಬೇಕಿತ್ತು. ಹೇಳಿದರೆ ಗುಂಪಿನಲ್ಲಿ, ಕಾಲೇಜಿನಲ್ಲಿ ನಗೆಪಾಟಲಾಗುತ್ತೇನೆ ಎಂದು ಹೆದರಿದೆ. ಒಯ್ಯದಿದ್ದರೆ ಸಂಶಯ ಬರುತ್ತದೆಂದು ಒಯ್ದೆ. ಎರಡು ದಿನ ಅವರು ಮುಂದಿನ ಭಾಗವನ್ನೆಲ್ಲ ಬಿಚ್ಚಿದರು. ನೆಲಕ್ಕೆ ಹಾಸಿದ ತಾಡಪತ್ರಿಯ ಮೇಲೆ ಒಂದೊಂದೇ ಸಾಮಾನನ್ನು ಸಾಲಾಗಿಟ್ಟು, ಸೀಮೆಎಣ್ಣೆಯಲ್ಲಿ ತೊಳೆದು, ಬಿಸಿಲಿಗೆ ಹಿಡಿದು ಕಣ್ಣ ಹತ್ತಿರ ತಂದು ನೋಡಿದರು. ನಾನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದೆ.

"ಇದರಾಗ ಏನೂ ತಪ್ಪಿಲ್ಲಲ್ರಿ ಸರ್."

"ಏನೋ ಇರಬೇಕು" ಎಂದೆ.

ನಾನು ಜೀವನದಲ್ಲಿ ಆಡಿದ ಅತ್ಯಂತ ಕೀಳು ಮಾತು ಅದು. ಅವರು ತಲೆಯಾಡಿಸಿ, ಎಲ್ಲವನ್ನೂ ತಿರುಗಿ ಜೋಡಿಸಿದರು. ಕೊನೆಗೆ ಬ್ರಶ್ಶನ್ನು ಹಳದಿ ಬಣ್ಣದ ಡಬ್ಬಿಯಲ್ಲಿ ಅದ್ದಿದರು. ಹಬ್ಬಿನ ಹತ್ತಿರ ತಂದು ಸ್ವಲ್ಪ ಹೊತ್ತು ಹಿಡಿದರು, ಆಮೇಲೆ ಗೆರೆ ಎಳೆಯದೆಯೇ ಡಬ್ಬಿಗೆ ವಾಪಸ್ಸು ಇಟ್ಟರು. "ನೀವೇ ನೋಡ್ಕೊಂಡ ಹೋಗ್ರಿ ಸರ್" ಎಂದರು. ನಾನು ಜೀಪು ಹತ್ತಿ ಬಂದೆ.

ಆಮೇಲೆ ಕ್ವಾರಿಯವರು ತಮ್ಮ ಜೀಪುಗಳನ್ನು ಬೇರೆ ಕಡೆ ಒಯ್ಯುತ್ತಾರೆಂದು ಕೇಳಿದೆ. ಒಬ್ಬಿಬ್ಬರು ಹಳಬರು ಬಂದರೆ ಮಿಸ್ತ್ರಿ ತಾವೇ ಬೇಡ ಅನ್ನುತ್ತಾರಂತೆ, ಬರೀ ಪಂಕ್ಚರ್ ಹಾಕುತ್ತಾರಂತೆ. ಆ ಬೇಸಿಗೆಯಲ್ಲಿ ಒಂದು ಕಾರ್ಯಕ್ರಮದಲ್ಲಿ ಶರಣರ ಕಾಯಕದ ಬಗ್ಗೆ ಒಂದು ತಾಸು ಮಾತಾಡಿದೆ. ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು. ಆ ಶಾಲು ಇನ್ನೂ ಪ್ಲಾಸ್ಟಿಕ್ಕಿನ ಒಳಗೇ ಇದೆ.

ಮಹಾನವಮಿಯ ಖಂಡೆ ಪೂಜೆಯ ದಿನ, ಆಯುಧ ಗಾಡಿಗಳಿಗೆ ಪೂಜೆ ಮಾಡುವ ಹೊತ್ತಿಗೆ, ಹೆಂಡತಿ ವಿಭೂತಿಯ ಬಟ್ಟಲನ್ನು ಕೈಗೆ ಕೊಟ್ಟಳು. ಜೀಪಿನ ಗಾಲಿಯ ಮುಂದೆ ಕುಳಿತೆ. ಮೂರು ಬೆರಳು ಮುಂದೆ ಹೋಗಲಿಲ್ಲ. ಬಟ್ಟಲನ್ನು ಕೆಳಗಿಟ್ಟು ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಬಟ್ಟಲನ್ನು ಕೈಗೆತ್ತಿಕೊಂಡಳು. "ನನ್ನ ಮುಂದ ಹೇಳಿ ಏನ್ ಮಾಡೂದೈತಿ" ಎಂದು ಎದ್ದು ಒಳಗೆ ಹೋದಳು. ನಾನು ಇಳಕಲ್ಲಿಗೆ ಹೊರಟೆ.

ಮಿಸ್ತ್ರಿ ಶೆಡ್ಡಿನ ಬಾಗಿಲಲ್ಲಿ ಒಂದು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದರು. ನಿಂತಲ್ಲೇ ಹೇಳಿದೆ. ಎರಡೂ ಫೋಟೋ ತೋರಿಸಿದೆ. ಬೈಯಲಿ, ಕೈ ಎತ್ತಲಿ ಎಂದುಕೊಂಡು ತಲೆ ತಗ್ಗಿಸಿ ನಿಂತೆ. ಅವರು ಕೈ ಒರೆಸಿಕೊಂಡು ಮೊಬೈಲನ್ನು ಇಸಿದುಕೊಂಡು, ಒಂದಾದ ಮೇಲೆ ಒಂದು ಫೋಟೋವನ್ನು ದೊಡ್ಡದು ಮಾಡಿ ನೋಡಿದರು.

"ಹಂಗಾದ್ರ ನನ್ನ ಕೈ ತಪ್ಪಿರಲಿಲ್ಲ" ಎಂದರು.

ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಖುಷಿಯಿತ್ತು. ಅದನ್ನು ನೋಡಲು ನನಗೆ ಆಗಲಿಲ್ಲ. ಅವರು ಹಿಂದಿನ ಮನೆಯ ಕಡೆ ತಿರುಗಿ ತಮ್ಮ ಹೆಂಡತಿಯನ್ನು ಕರೆದರು: "ಬಾ ಇಲ್ಲಿ, ಕೇಳು. ನನ್ನ ಕೈ ತಪ್ಪಿರಲಿಲ್ಲಂತ."

ಗುಂಪಿನವರಿಗೆಲ್ಲ ಈಗಲೇ ಬರೆದು ಹಾಕುತ್ತೇನೆ ಎಂದೆ. "ಬರಿಯೂದು ಬ್ಯಾಡ್ರಿ ಸರ್. ಹೆಂಗ ಬಾಯಿಲೆ ಹೇಳಿದ್ರಿ, ಹಂಗ ಬಾಯಿಲೆ ಹೇಳ್ರಿ" ಎಂದರು. ಅವರ ಮುಂದೆಯೇ ಹೇಳಿದೆ. ಮೊದಲ ಸಲ "ಒಂದು ತಪ್ಪು ತಿಳುವಳಿಕೆ ಆಗಿತ್ತು" ಎಂದು ಶುರು ಮಾಡಿದೆ. ನನಗೇ ಅಸಹ್ಯವಾಗಿ ಅಳಿಸಿದೆ. ಎರಡನೆಯ ಸಲ, ತಪ್ಪು ನನ್ನದು, ಗೊತ್ತಿದ್ದೂ ಎಂಟು ತಿಂಗಳು ಮುಚ್ಚಿಟ್ಟೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ ಕಳಿಸಿದೆ. ಮಿಸ್ತ್ರಿ ಒಳಗೆ ಹೋಗಿ ಹಳದಿ ಬಣ್ಣದ ಡಬ್ಬಿಯನ್ನು ಹುಡುಕತೊಡಗಿದರು.

ಅವರ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ್ದರು. ಅವರ ಮುಖದಲ್ಲಿ ಖುಷಿಯಿರಲಿಲ್ಲ.

"ಬಾಗಲಕೋಟಿ ಕಣ್ಣಿನ ದವಾಖಾನಿಗೆ ಎರಡ ಸಲ ಹೋಗಿ ಬಂದಾರ್ರಿ" ಎಂದರು. "ಕಣ್ಣು ಚಲೋ ಅದಾವಂತ ಡಾಕ್ಟರು ಎರಡೂ ಸಲ ಹೇಳಿದ್ರು. ಇವರು ನಂಬಲಿಲ್ಲ. ಸಾಲಿ ಕಲಿಸೂ ಸರ್ ಅವರು, ಸುಳ್ಳ ಯಾಕ ಹೇಳ್ತಾರ ಅಂದ್ರು."